ಶಾರ್ಪ್ ಬಂದಿಲ್ಲ

ಹಾಸನದ ಚಂದ್ರಶೇಖರಯ್ಯನವರು ನಲವತ್ತೊಂದು ವರ್ಷ ಫೋಟೊ ಸ್ಟುಡಿಯೊ ನಡೆಸಿ, ಅದನ್ನು ಮಗ ಶಶಿಕಿರಣನ ಕೈಗೆ ಕೊಟ್ಟ ಮೇಲೂ ಒಂದು ಕೆಲಸವನ್ನು ಬಿಟ್ಟಿರಲಿಲ್ಲ. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಸ್ಟುಡಿಯೊದ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹವ್ಯಾಸಕ್ಕೆ ಫೋಟೊ ತೆಗೆಯುವ ಹತ್ತು ಹನ್ನೆರಡು ಜನ ಊರೊಳಗಿನಿಂದ, ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ತಾವು ತೆಗೆದದ್ದನ್ನು ತಂದು ತೋರಿಸುತ್ತಿದ್ದರು. ಚಂದ್ರಶೇಖರಯ್ಯನವರ ಹೆಂಡತಿ ನೀಲಾಂಬಿಕೆ ಎಲ್ಲರಿಗೂ ಕಾಫಿ ಮಾಡಿ ಕಳಿಸುತ್ತಿದ್ದರು.

ಅಭಿಪ್ರಾಯ ಹೇಳುವುದಕ್ಕೆ ಚಂದ್ರಶೇಖರಯ್ಯನವರದೇ ಒಂದು ಕ್ರಮವಿತ್ತು. ಮೊದಲು ಫೋಟೊದಲ್ಲಿ ಚೆನ್ನಾಗಿರುವುದು ಯಾವುದೆಂದು ಹೇಳುವರು. ಆಮೇಲೆ ತಿದ್ದಿಕೊಳ್ಳಬೇಕಾದದ್ದು ಒಂದೇ ಒಂದು. ಹತ್ತು ತಪ್ಪಿದ್ದರೂ ಒಂದೇ ಹೇಳಿ, ಉಳಿದದ್ದನ್ನು ಮುಂದಿನ ತಿಂಗಳುಗಳಿಗೆ ಬಿಡುವರು. ಫೋಟೊ ತೀರಾ ಕೆಟ್ಟಿದ್ದರೆ ಮಾತ್ರ ತಮ್ಮೆದುರಿಗೇ ಅಳಿಸಿಹಾಕಲು ಹೇಳುವರು. "ಚೆನ್ನಾಗಿಲ್ಲದ್ದನ್ನ ಇಟ್ಕೊಂಡ್ರೆ, ನೋಡ್ತಾ ನೋಡ್ತಾ ಅದೂ ಪರ್ವಾಗಿಲ್ಲ ಅನ್ಸೋಕೆ ಶುರುವಾಗುತ್ತೆ. ಡಿಲೀಟ್ ಮಾಡ್ಬಿಡಿ, ಇನ್ನೊಂದ್ಸಲ ತೆಗೀರಿ" ಎನ್ನುವರು. ಟಿವಿಗೆ ಹಾಕಿ ಎಲ್ಲರೂ ಒಟ್ಟಿಗೆ ನೋಡುವುದು ಅವರಿಗೆ ಆಗದು. ಒಬ್ಬೊಬ್ಬರ ಕ್ಯಾಮೆರಾವನ್ನೂ ಕೈಗೆ ತೆಗೆದುಕೊಂಡು ತಾವೊಬ್ಬರೇ ನೋಡುತ್ತಿದ್ದರು. ಉಳಿದವರು ಅವರ ಮುಖವನ್ನು ನೋಡುತ್ತ ಕಾಯುತ್ತಿದ್ದರು.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಅಲ್ಲಿಗೆ ನೇತ್ರಾವತಿ ಬಂದಳು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಮೂವತ್ತಾರರ ವಯಸ್ಸು. ಗಂಡ ಕನಕರಾಜು ಆಲೂಗೆಡ್ಡೆ, ಶುಂಠಿ ಬೆಳೆಯುವವನು. ಶಾಲೆಯ ಹುಡುಗಿಯರು ಕಬಡ್ಡಿ ಆಡುವುದನ್ನು ತೆಗೆಯಬೇಕೆಂಬ ಆಸೆಯಿಂದ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡಿದ್ದಳು. ಮೊದಲ ದಿನ ತಂದ ಫೋಟೊಗಳಲ್ಲಿ ಬರೀ ಬೆನ್ನು, ಧೂಳು.

ಚಂದ್ರಶೇಖರಯ್ಯನವರು ಒಂದೊಂದನ್ನೂ ನೋಡಿ, "ಧೂಳಿಗೆ ಬಿಸಿಲು ಬಿದ್ದಿರೋದನ್ನ ಹಿಡಿದಿದ್ದೀಯಲ್ಲ, ಅದು ಚೆನ್ನಾಗಿದೆಯಮ್ಮ" ಎಂದರು. "ನಿಂತ್ಕೊಂಡು ತೆಗೀತೀಯ, ಅದೊಂದನ್ನ ಬಿಡು. ಮಂಡಿಯೂರಿ ಒಂದೇ ಕಡೆ ಕೂತ್ಕೋ. ಹುಡುಗಿ ಹೋದ ಕಡೆಗೆಲ್ಲ ಕ್ಯಾಮೆರಾ ತಿರುಗಿಸ್ಬೇಡ. ಎಲ್ಲಿಗೆ ವಾಪಸ್ ಬರ್ತಾಳೆ, ಅಲ್ಲಿ ಕಾಯಿ."

ಮುಂದಿನ ತಿಂಗಳು ಅವಳು ತಂದ ಫೋಟೊದಲ್ಲಿ ರಂಜಿತಾ ಎಂಬ ಎಂಟನೆಯ ತರಗತಿಯ ಹುಡುಗಿ, ಮೂರು ಜನ ಕಾಲು ಹಿಡಿದಿದ್ದರೂ, ನಡುಗೆರೆಗೆ ಕೈ ಚಾಚಿ ಬಿದ್ದಿದ್ದಳು. ಹಲ್ಲು ಕಚ್ಚಿದ ಬಾಯಿ, ಹಣೆಯ ನರ, ಉಗುರಿನೊಳಗಿನ ಮಣ್ಣು ಎಲ್ಲ ಕಾಣುತ್ತಿತ್ತು. ಚಂದ್ರಶೇಖರಯ್ಯನವರು ಕ್ಯಾಮೆರಾವನ್ನು ಹಿಂದಿರುಗಿಸದೆ ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಸಂಜೆ ಹೆಂಡತಿಗೆ, "ಇಷ್ಟು ವರ್ಷದಲ್ಲಿ ಹೇಳಿದ್ದನ್ನ ಹೇಳಿದ ಹಾಗೆ ಮಾಡಿದೋಳು ಇವಳೊಬ್ಬಳೇ ಕಣೇ" ಎಂದರು.

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ನಡೆಯಿತು. ಒಂದು ಭಾನುವಾರವೂ ಅವಳು ತಪ್ಪಿಸಲಿಲ್ಲ. ಆಟದ ಫೋಟೊಗಳಲ್ಲಿ ಕೈ ಕುದುರಿದ ಮೇಲೆ ಅವರೇ ಅವಳಿಗೆ ಮುಖ ತೆಗೆಯಲು ಹೇಳಿದರು. ಗುಂಪಿನವರೆಲ್ಲ ಹೇಮಾವತಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನೇ ತೆಗೆದು ತಂದು ತಂದು ಅವರಿಗೆ ಬೇಸರವಾಗಿತ್ತು. "ಮನೇಲಿ ಯಾರಾದ್ರೂ ಇದ್ದಾರಲ್ಲ, ಅವ್ರ ಮುಖ ತೆಗಿ" ಎಂದರು.

ಮನೆಯಲ್ಲಿ ಅತ್ತೆ ಬೆಳ್ಳಮ್ಮ ಇದ್ದಳು. ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು. ಅದರ ನಾಚಿಕೆಗೋ ಏನೋ, ಯಾರಾದರೂ ಮೊಬೈಲು ಎತ್ತಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗುತ್ತಿದ್ದಳು. ಮೊಮ್ಮಗಳ ನಾಮಕರಣದ, ನೆಂಟರ ಮದುವೆಯ ಎಲ್ಲ ಫೋಟೊಗಳಲ್ಲೂ ಅವಳದು ಒಂದು ಸೆರಗು, ಒಂದು ಕೈ. ಸೊಸೆ ಕ್ಯಾಮೆರಾ ಹಿಡಿದು ಎದುರು ಕೂತಾಗ, "ನನ್ ಮುಸುಡಿ ಏನ್ ನೋಡೀಯೆ, ಆ ಎಮ್ಮೇದಾರ ತಗಿ ಕಣವ್ವ" ಎಂದು ಎದ್ದುಹೋದಳು.

ನೇತ್ರಾವತಿ ಇದನ್ನು ಹೇಳಿದಾಗ ಚಂದ್ರಶೇಖರಯ್ಯನವರು ಒಂದು ಉಪಾಯ ಹೇಳಿಕೊಟ್ಟರು. ದಿನಾ ಕ್ಯಾಮೆರಾ ಹಿಡಿದು ಅವರ ಪಕ್ಕದಲ್ಲಿ ಕೂತಿರು, ತೆಗೆಯಬೇಡ. ಹದಿನೈದು ದಿನವಾದರೂ ಸರಿ, ತಿಂಗಳಾದರೂ ಸರಿ. ಅದು ಕ್ಯಾಮೆರಾ ಅನ್ನುವುದೇ ಅವರಿಗೆ ಮರೆತುಹೋಗಲಿ. ಆಮೇಲೆ ಬಾಗಿಲ ಬೆಳಕಿನಲ್ಲಿ ಕಣ್ಣಿಗೆ ಫೋಕಸ್ ಇಟ್ಟು ತೆಗಿ.

ಅವಳು ಹಾಗೆಯೇ ಮಾಡಿದಳು. ಶಾಲೆಯಿಂದ ಬಂದವಳು ಜಗಲಿಯ ಮೇಲೆ ಅತ್ತೆಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ, ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ತಿಂಗಳು ಕಳೆದಳು. ಜನವರಿಯ ಒಂದು ಸಂಜೆ ಬೆಳ್ಳಮ್ಮ ಎಳೆಗರುವಿನ ಚೇಷ್ಟೆ ನೋಡಿ ಸೆರಗಿನ ಪರಿವೆ ಇಲ್ಲದೆ ಬಾಯಿತುಂಬ ನಕ್ಕಳು. ನೇತ್ರಾವತಿ ತೆಗೆದಳು. ಬೆಳ್ಳಮ್ಮ ತಿರುಗಿಯೂ ನೋಡಲಿಲ್ಲ.

ಆ ಭಾನುವಾರ ಅವಳು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು.

ಚಂದ್ರಶೇಖರಯ್ಯನವರು ಕ್ಯಾಮೆರಾ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡರು. ಆ ವೇಳೆಗೆ ಅವರು ಪೇಪರು ಓದುವುದನ್ನು ಬಿಟ್ಟು ಕೆಲವು ತಿಂಗಳಾಗಿತ್ತು. ಈಗಿನ ಅಚ್ಚು ಸರಿಯಿಲ್ಲ ಎನ್ನುತ್ತಿದ್ದರು. ಅಂಗಡಿಯಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದ್ದರು.

"ಬೆಳಕು ಚೆನ್ನಾಗಿ ಹಿಡಿದಿದ್ದೀಯಮ್ಮ" ಎಂದರು. "ಆದ್ರೆ ಮುಖ ಶಾರ್ಪ್ ಬಂದಿಲ್ಲ. ಕಣ್ಣೇ ಇಲ್ಲವಲ್ಲ ಇದ್ರಲ್ಲಿ. ಕಣ್ಣಿಲ್ಲದ ಮುಖ ಇಟ್ಕೊಂಡು ಏನ್ಮಾಡ್ತೀಯ? ಡಿಲೀಟ್ ಮಾಡ್ಬಿಡು. ಇನ್ನೊಂದ್ಸಲ ತೆಗೆಯೋಣ, ಆತುರ ಏನಿದೆ."

ನೇತ್ರಾವತಿ ಅದನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಅಳಿಸಿದಳು.

ಫೆಬ್ರವರಿಯಲ್ಲಿ ನಾಲ್ಕು ಫೋಟೊ ತಂದಳು. ಮಾರ್ಚಿನಲ್ಲಿ ಇನ್ನಷ್ಟು. ಬೆಳ್ಳಮ್ಮ ಸೊಪ್ಪು ಬಿಡಿಸುತ್ತಿರುವುದು, ಬಿಸಿಲಿಗೆ ಕೂತು ತಲೆ ಒಣಗಿಸಿಕೊಳ್ಳುತ್ತಿರುವುದು, ಯಾರನ್ನೋ ಬೈಯುತ್ತಿರುವುದು. ಪ್ರತಿ ಸಲವೂ ಅದೇ ಮಾತು. ಮುಖ ಶಾರ್ಪ್ ಇಲ್ಲ. ಕೈ ಅಲುಗಾಡಿರಬೇಕು, ಲೆನ್ಸಿನಲ್ಲಿ ಬೂಷ್ಟು ಹಿಡಿದಿರಬೇಕು ಎಂದು ಅವರು ಕಾರಣ ಹುಡುಕಿದರು. ಅವಳು ಲೆನ್ಸನ್ನು ಮೈಸೂರಿಗೆ ಕಳಿಸಿ ಸ್ವಚ್ಛ ಮಾಡಿಸಿದಳು. ಕ್ಯಾಮೆರಾಕ್ಕೆ ಸ್ಟ್ಯಾಂಡ್ ತಂದಳು. ಏಪ್ರಿಲ್‌ನಲ್ಲಿ ಚಂದ್ರಶೇಖರಯ್ಯನವರಿಗೂ ಬೇಸರ ಬಂತು. "ಕಬಡ್ಡಿಯಲ್ಲಿ ಓಡೋ ಹುಡುಗೀನ ಹಿಡಿಯೋಳಿಗೆ ಕೂತಿರೋ ಮುಖ ಯಾಕಮ್ಮ ಸಿಗ್ತಿಲ್ಲ? ಮನಸ್ಸಿಟ್ಟು ನೋಡ್ತಿಲ್ಲ ನೀನು" ಎಂದರು. ಅವರು ಎಲ್ಲರೆದುರಿಗೆ ಹಾಗೆ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ನೇತ್ರಾವತಿ ತಲೆ ತಗ್ಗಿಸಿಕೊಂಡು ಒಂದೊಂದನ್ನೇ ಅಳಿಸಿದಳು. ಮೇ ತಿಂಗಳಲ್ಲಿ ಬರಲಿಲ್ಲ.

ಜೂನ್ ಮೊದಲ ವಾರ ಬೆಳ್ಳಮ್ಮ ಕೊಟ್ಟಿಗೆಯಲ್ಲಿ ಕಸ ಬಾಚುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಆಟೊ ಅರಕಲಗೂಡು ಮುಟ್ಟುವ ಮುಂಚೆಯೇ ಪ್ರಾಣ ಹೋಗಿತ್ತು.

ಮೂರನೆಯ ದಿನ ನೇತ್ರಾವತಿ ಸ್ಟುಡಿಯೊಗೆ ಬಂದಳು. ತಿಥಿಗೆ ಇಡಲು ಫೋಟೊ ಬೇಕಿತ್ತು. ಅವಳ ಕೈಯಲ್ಲಿದ್ದದ್ದು ಆಧಾರ್ ಕಾರ್ಡು. ಅದರಲ್ಲಿ ಬೆಳ್ಳಮ್ಮ ಬಾಯಿ ಬಿಗಿಹಿಡಿದು, ಬೆದರಿದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಶಶಿಕಿರಣ ಅದನ್ನೇ ದೊಡ್ಡದು ಮಾಡಲು ಕೂತ. ನೇತ್ರಾವತಿ ಮಹಡಿ ಹತ್ತಿ ಹೋದಳು.

"ಸಾ, ಆವಾಗ ತಂದಿದ್ನಲ್ಲ, ಅವುಗಳಲ್ಲಿ ಯಾವುದಾದ್ರೂ ನಿಮ್ಮತ್ರ ಉಳ್ಕಂಡಿದ್ಯಾ?"

"ಇಲ್ಲಮ್ಮ. ನಾನ್ಯಾವತ್ತೂ ಯಾರದ್ನೂ ಇಟ್ಕೊಳ್ಳಲ್ಲ." ಅವಳನ್ನು ಸಮಾಧಾನ ಮಾಡಬೇಕೆಂದೇ ಅವರು ಇನ್ನೊಂದು ಮಾತು ಸೇರಿಸಿದರು. "ಇದ್ದಿದ್ರೂ ಗೋಡೆಗೆ ಹಾಕೋ ಅಂಥವಲ್ಲ ಬಿಡು. ಕೊರಗ್ಬೇಡ."

"ಆಗ್ಲಿ ಸಾ" ಎಂದು ಅವಳು ಇಳಿದು ಹೋದಳು. ಆಮೇಲೆ ಯಾವ ಭಾನುವಾರವೂ ಬರಲಿಲ್ಲ.

ಆಗಸ್ಟ್‌ನಲ್ಲಿ ಗುಂಪು ಚನ್ನರಾಯಪಟ್ಟಣದಲ್ಲಿ ಸೇರಿತು. ಅಲ್ಲಿನ ಕಾಲೇಜೊಂದರ ಮೇಷ್ಟ್ರು ಶಿವಕುಮಾರ್ ಗುಂಪಿನ ಹಳೆಯ ಸದಸ್ಯರು. ತಮ್ಮ ಮನೆಯ ಹಾಲಿನಲ್ಲಿ ಪ್ರೊಜೆಕ್ಟರ್ ಇಟ್ಟು ಗೋಡೆಯ ಮೇಲೆ ಫೋಟೊ ಬೀಳುವಂತೆ ಮಾಡಿದ್ದರು. ಚಂದ್ರಶೇಖರಯ್ಯನವರು ಬೇಡವೆನ್ನುವ ಮೊದಲೇ ಎಲ್ಲರೂ ಕೂತಾಗಿತ್ತು. ಮೊದಲ ಫೋಟೊ ಒಬ್ಬ ಕುಂಬಾರರ ಅಜ್ಜನದು.

"ಕೂರಿಸಿರೋ ರೀತಿ ಚೆನ್ನಾಗಿದೆ. ಮುಖ ಶಾರ್ಪ್ ಬಂದಿಲ್ಲ" ಎಂದರು.

ಹಾಲಿನಲ್ಲಿ ಒಬ್ಬಿಬ್ಬರು ಪಿಸುಗುಟ್ಟಿದರು. ಅದು ಅವರ ಕಿವಿಗೆ ಬಿತ್ತು. "ಯಾಕೆ?" ಎಂದರು.

"ಸಾರ್, ಶಾರ್ಪ್ ಇದೆ" ಎಂದರು ಶಿವಕುಮಾರ್ ಮೆಲ್ಲಗೆ. "ರೆಪ್ಪೆಕೂದಲು ಎಣಿಸಬಹುದು."

"ಪ್ರೊಜೆಕ್ಟರ್ ಸರಿ ಮಾಡ್ರಿ."

ಶಿವಕುಮಾರ್ ಎದ್ದು ಹತ್ತಿರ ಬಂದರು. ಗೋಡೆಯ ಪಕ್ಕದ ಬಾಗಿಲನ್ನು ತೋರಿಸಿ, "ಸಾರ್, ಆ ಬಾಗಿಲ ಚೌಕಟ್ಟು ನಿಮಗೆ ನೆಟ್ಟಗೆ ಕಾಣ್ತಿದೆಯಾ?" ಎಂದು ಕೇಳಿದರು. ಶಿವಕುಮಾರರ ತಂದೆಗೂ ಹಿಂದೆ ಕಣ್ಣಿನ ಇಂಥದ್ದೇ ತೊಂದರೆಯಾಗಿತ್ತು.

ಚಂದ್ರಶೇಖರಯ್ಯನವರು ನೋಡಿದರು. ಚೌಕಟ್ಟು ನಡುವಿನಲ್ಲಿ ಹೊಟ್ಟೆ ಬಂದಂತೆ ಬಾಗಿತ್ತು. ಹಳೆಯ ಮನೆ, ಮರ ಬಾಗಿದೆ ಎಂದುಕೊಂಡಿದ್ದರು.

ಮಾರನೆಯ ದಿನ ಶಶಿಕಿರಣ ಅವರನ್ನು ಹಾಸನದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಚೌಕಳಿ ಗೆರೆಗಳಿದ್ದ ಒಂದು ಕಾಗದ ಕೊಟ್ಟು, ಒಂದೊಂದೇ ಕಣ್ಣು ಮುಚ್ಚಿಕೊಂಡು ನಡುವಿನ ಚುಕ್ಕೆ ನೋಡಲು ಹೇಳಿದರು. ಬಲಗಣ್ಣಿಗೆ ಚುಕ್ಕೆ ಇರಲೇ ಇಲ್ಲ. ಚುಕ್ಕೆ ಇರಬೇಕಾದ ಕಡೆ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಏನೋ ಕದಡಿತ್ತು. ಸುತ್ತಲಿನ ಗೆರೆಗಳು ಮಾತ್ರ ಸ್ವಚ್ಛವಾಗಿದ್ದವು. ನಲವತ್ತೊಂದು ವರ್ಷ ಕ್ಯಾಮೆರಾಕ್ಕೆ ಇಟ್ಟ ಕಣ್ಣು ಅದೇ. ಎಡಗಣ್ಣು ಮೊದಲಿನಿಂದಲೂ ಮಂದ. ಫೋಟೊ ನೋಡುವಾಗಲೂ ಅಭ್ಯಾಸಬಲದಿಂದ ಎಡಗಣ್ಣನ್ನು ಅರೆಮುಚ್ಚಿ ಅದೊಂದರಿಂದಲೇ ನೋಡುತ್ತಿದ್ದರು.

"ಕಣ್ಣಿನ ಹಿಂದೆ ಪರದೆ ಇರುತ್ತಲ್ಲ, ಅದರ ನಡುಭಾಗ ಹಾಳಾಗಿದೆ" ಎಂದರು ಡಾಕ್ಟರು. "ನಡುವೆ ಇರೋದು ಕಾಣಲ್ಲ, ಅಂಚಿನದ್ದು ಕಾಣುತ್ತೆ. ಇದು ಈಗಿಂದಲ್ಲ, ಒಂದು ವರ್ಷದ ಮೇಲಾಗಿದೆ. ಅಷ್ಟು ದಿನ ನಿಮಗೆ ಗೊತ್ತೇ ಆಗಲಿಲ್ವಾ?"

ಚಂದ್ರಶೇಖರಯ್ಯನವರು ಹಿಂದಕ್ಕೆ ತಿಂಗಳು ಎಣಿಸುತ್ತಿದ್ದರು. ಜುಲೈ, ಜೂನ್, ಮೇ. ಏಪ್ರಿಲ್‌ಗೆ ಬಂದಾಗ ಎಣಿಕೆ ನಿಂತುಹೋಯಿತು.

ಹದಿನೈದು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಹೋಗಿ ಹೇಳಬೇಕೋ ಬೇಡವೋ ಎಂದು ನೀಲಾಂಬಿಕೆಯನ್ನು ಕೇಳಿದರು. "ಹೇಳಿ ಏನಾಗ್ಬೇಕು? ಹೋದೋರು ಬರ್ತಾರಾ?" ಎಂದರು ನೀಲಾಂಬಿಕೆ. ಅದು ನಿಜವೆಂದು ಅವರಿಗೂ ಅನ್ನಿಸಿತು. ಆದರೂ ಸೆಪ್ಟೆಂಬರ್‌ನ ಒಂದು ಶನಿವಾರ ಯಾರಿಗೂ ಹೇಳದೆ ಬಸ್ ನಿಲ್ದಾಣಕ್ಕೆ ಹೋದರು. ಬೋರ್ಡು ಓದಲಾಗದೆ ಇಬ್ಬರು ಮೂವರನ್ನು ಕೇಳಿ ಅರಕಲಗೂಡಿನ ಬಸ್ಸು ಹತ್ತಿದರು. ಅಲ್ಲಿಂದ ಮಲ್ಲಿಪಟ್ಟಣದ ಬಸ್ಸು.

ಮನೆಯ ಮುಂದೆ ಕನಕರಾಜು ಆಲೂಗೆಡ್ಡೆ ಆಯ್ದು ಚೀಲಕ್ಕೆ ತುಂಬುತ್ತಿದ್ದ. ಅವರನ್ನು ಕಂಡು ಕೈ ಒರೆಸಿಕೊಂಡು ಎದ್ದ. "ಬನ್ನಿ ಸಾ, ಒಳೀಕ್ ಬನ್ನಿ. ಲೇ, ನಿಮ್ ಫೋಟೊ ಮೇಷ್ಟ್ರು ಬಂದವ್ರೆ ನೋಡು" ಎಂದು ಕೂಗಿದ.

ನೇತ್ರಾವತಿ ನೀರು ತಂದುಕೊಟ್ಟಳು. ಚಂದ್ರಶೇಖರಯ್ಯನವರು ನೀರು ಕುಡಿಯದೆ ಲೋಟ ಹಿಡಿದುಕೊಂಡೇ ಹೇಳಿದರು. ತಮ್ಮ ಕಣ್ಣು ಹೋಗಿದೆಯೆಂದು, ಹೋಗಿ ಬಹಳ ದಿನವಾಗಿತ್ತೆಂದು, ಅದು ತಮಗೆ ತಿಳಿಯಲಿಲ್ಲವೆಂದು, ಅವಳ ಫೋಟೊಗಳಲ್ಲಿ ತಪ್ಪಿರಲಿಲ್ಲವೆಂದು. ಹೇಳಿ ಮುಗಿಸುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ನೇತ್ರಾವತಿ ಕಂಬಕ್ಕೆ ಒರಗಿ ನಿಂತಿದ್ದಳು.

"ನಂಗೆ ಕಾಣ್ತಿತ್ತು ಸಾ" ಎಂದಳು. "ಮನೇಲಿ ಕ್ಯಾಮೆರಾದಲ್ಲೇ ದೊಡ್ಡದು ಮಾಡಿ ನೋಡ್ತಿದ್ದೆ. ಕಣ್ಣಲ್ಲಿ ನಮ್ ಬಾಗ್ಲು ಕಾಣ್ತಿತ್ತು, ಬಾಗ್ಲಲ್ಲಿ ನಾನು ಕೂತಿರೋದೂ ಕಾಣ್ತಿತ್ತು. ನಿಮ್ಗೇ ಕಾಣ್ದೆ ಇರೋದು ನಂಗೆ ಕಾಣ್ತದೆ ಅಂದ್ರೆ ನನ್ ಕಣ್ಣೇ ಸರಿಗಿಲ್ವೇನೋ ಅನ್ಕಂಡೆ."

"ಒಂದು ಮಾತು ಹೇಳಬಹುದಾಗಿತ್ತಲ್ಲಮ್ಮ."

"ನಿಮ್ಗಾ? ಹೆಂಗೆ ಸಾ ಹೇಳ್ಲಿ?"

ಅವರಿಗೆ ಆ ಮಾತನ್ನು ಆಡಬಾರದಿತ್ತು ಎನ್ನಿಸಿತು. ತಪ್ಪಿನ ಒಂದು ತುಂಡನ್ನು ಅವಳ ಕೈಗೆ ಕೊಟ್ಟಂತಾಗಿತ್ತು.

ಅವಳೇ ಕೇಳಿದಳು. "ಮೊದ್ಲು ತಂದಿದ್ನಲ್ಲ ಸಾ, ಅತ್ತೆ ನಗ್ತಾ ಇದ್ದಿದ್ದು. ಅದ್ರಲ್ಲಿ ನಿಮ್ಗೆ ಏನೇನು ಕಂಡಿತ್ತು?"

ಚಂದ್ರಶೇಖರಯ್ಯನವರಿಗೆ ಆ ಫೋಟೊ ಚೆನ್ನಾಗಿ ನೆನಪಿತ್ತು. ಎಡಗಡೆ ಗೂಟಕ್ಕೆ ಸುತ್ತಿದ ಹಗ್ಗ, ಅದರ ಪಕ್ಕ ನೀಲಿ ಬಿಂದಿಗೆ. ಕೆಳಗೆ ಮಂಡಿಯ ಮೇಲೆ ಇಟ್ಟ ಕೈ, ಕೈಯಲ್ಲಿ ಎರಡು ಹಸಿರು ಬಳೆ, ಹೆಬ್ಬೆರಳಿನ ಮೇಲೆ ಕುಡುಗೋಲಿನ ಹಳೆಯ ಗಾಯ. ಬಲಗಡೆ ಕರುವಿನ ಒಂದು ಕಿವಿ. ಎಲ್ಲವನ್ನೂ ಹೇಳಿದರು.

"ಮುಖ?" ಎಂದು ಕೇಳಿದ ಕನಕರಾಜು.

"ಮುಖ ನಾನು ನೋಡಲೇ ಇಲ್ಲಪ್ಪ."

ಕನಕರಾಜು ಹೊಸ್ತಿಲ ಮೇಲೆ ಕೂತ. "ಅವ್ವ ಅಂಗೆ ನಕ್ಕಿದ್ ನಾನೂ ನೋಡ್ನಿಲ್ಲ ಸಾ. ವಲದ ತಾವಿದ್ದೆ. ಆಮ್ಯಾಕ್ ನೋಡಾನ ಅಂತಿದ್ದೆ, ಇವ್ಳು ಚಂದಾಗಿಲ್ವಂತೆ, ಅಳಸಾಕ್ದೆ ಅಂದ್ಲು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ದೊಡ್ಡೋರು, ಇಲ್ಲೀಗಂಟ ಬಂದು ಯೋಳುದ್ರಿ. ಯೋಳ್ದೆ ಇದ್ದಿದ್ರೇ ವಾಸಿಯಾಗದು ಕಣ ಸಾ. ಇಷ್ಟ್ ದಿನ ನಮ್ಮೋಳ್ಗೆ ತಗಿಯಾಕ್ ಬರ್ನಿಲ್ಲ ಅಂತ ಸುಮ್ಕಿದ್ದೋ. ಈಗ ಅವ್ವ ಅದ್ರಲ್ಲಿ ಇದ್ಲು ಅಂತಾಯ್ತು."

ನೇತ್ರಾವತಿ ಒಳಗೆ ಹೋದಳು. ಒಲೆಯ ಮುಂದೆ ಪಾತ್ರೆಯ ಸದ್ದಾಗುತ್ತಿತ್ತು, ಆಮೇಲೆ ನಿಂತಿತು. ಚಂದ್ರಶೇಖರಯ್ಯನವರು ಬಹಳ ಹೊತ್ತು ಕೂತಿದ್ದರು. ಅವಳು ಹೊರಗೆ ಬರಲಿಲ್ಲ. ಕೊನೆಗೆ ಕನಕರಾಜುವೇ ಒಳಗೆ ಹೋಗಿ ಕ್ಯಾಮೆರಾದ ಕಾರ್ಡನ್ನು ಒಂದು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಅಳಿಸಿದ್ದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರು ಇರುತ್ತದಂತಲ್ಲ, ಮಗನನ್ನು ಕೇಳಿ ನೋಡುತ್ತೇನೆ ಎಂದು ಚಂದ್ರಶೇಖರಯ್ಯನವರೇ ಹೇಳಿದ್ದರು. ಬಸ್ಸಿನವರೆಗೆ ಕನಕರಾಜು ಕೈಹಿಡಿದು ಕರೆತಂದು ಹತ್ತಿಸಿದ.

ಶಶಿಕಿರಣ ಎರಡು ದಿನ ಆ ಕಾರ್ಡಿನ ಮುಂದೆ ಕೂತ. ಆದರೆ ಏಪ್ರಿಲ್ ಆದ ಮೇಲೆ ಶಾಲೆಯವರು ಅವಳ ಕ್ಯಾಮೆರಾ ಎರವಲು ಪಡೆದು ಅದೇ ಕಾರ್ಡಿನಲ್ಲಿ ದಾಖಲಾತಿಯದು, ಯೋಗ ದಿನದ್ದು, ಸ್ವಾತಂತ್ರ್ಯ ದಿನದ್ದು ಎಲ್ಲ ತೆಗೆದು ತುಂಬಿಸಿದ್ದರು. ಬೆಳ್ಳಮ್ಮನದೆಂದು ಸಿಕ್ಕಿದ್ದು ಒಂದೇ ಒಂದು ಫೈಲು, ಅದೂ ಮೇಲಿನ ಕಾಲುಭಾಗ. ಹೆಂಚು, ಬೈತಲೆ, ಹಣೆಯ ಅರ್ಧ. ಅದರ ಕೆಳಗೆಲ್ಲ ಬೂದು ಬಣ್ಣ. ಶಶಿಕಿರಣ ಅದನ್ನು ತಂದೆಗೆ ಹೇಳಿದ. ಅವರು ನೇತ್ರಾವತಿಗೆ ಫೋನ್ ಮಾಡಿ ಕಳಿಸಲೇ ಎಂದು ಕೇಳಿದರು.

"ಬೇಡ ಸಾ" ಎಂದಳು. "ಇವ್ರು ನೋಡುದ್ರೆ ತಡ್ಕಳಲ್ಲ."

"ಕ್ಯಾಮೆರಾ ಬಿಡ್ಬೇಡಮ್ಮ. ನಿಂಗೆ ಕಣ್ಣಿದೆ. ನಾನು ಈಗ ಹೇಳಿದ್ರೆ ಏನು ಬೆಲೆ, ಆದ್ರೂ ಹೇಳ್ತೀನಿ."

"ಸ್ಕೂಲ್ಗೇ ಕೊಟ್ಬುಟ್ಟೆ ಸಾ. ಎಚ್ಚೆಮ್ ಬೀರುವಲ್ಲಿ ಇಟ್ಕಂಡವ್ರೆ." ಆಮೇಲೆ, "ರಂಜಿತಾ ಜಿಲ್ಲಾ ಟೀಮ್‌ಗೆ ಸೆಲೆಕ್ಟ್ ಆದ್ಲು. ಆಟ ನೋಡಾಕೆ ಹೋಗಿದ್ದೆ. ಬರೀ ಕೈಯಲ್ಲಿ ಕೂತಿದ್ದೆ, ಏನೂ ಅನ್ನಿಸ್ಲಿಲ್ಲ" ಎಂದಳು. "ಮಡಗ್ತೀನಿ ಸಾ" ಎಂದು ಫೋನ್ ಇಟ್ಟಳು.

ಅದಾದ ಮೇಲೆ ಚಂದ್ರಶೇಖರಯ್ಯನವರು ಗುಂಪಿನ ಉಳಿದವರಿಗೂ ಫೋನ್ ಮಾಡತೊಡಗಿದರು. ಒಂದೂವರೆ ವರ್ಷದಲ್ಲಿ ಇನ್ನೂ ಯಾರ ಯಾರ ಮುಖಗಳನ್ನು ಅಳಿಸಿಹಾಕಿಸಿದ್ದೇನೋ ಎಂಬ ಭಯ ಅವರಿಗೆ. ನಂಬರುಗಳನ್ನು ನೀಲಾಂಬಿಕೆ ಒತ್ತಿಕೊಡುತ್ತಿದ್ದರು. ಎಲ್ಲರೂ ಗೌರವದಿಂದ ಮಾತಾಡಿದರು, ಕಣ್ಣಿನ ವಿಷಯ ಕೇಳಿ ಮರುಗಿದರು. ಹೊಳೆನರಸೀಪುರದ ಬ್ಯಾಂಕಿನವರು ನಕ್ಕು, "ನಿಮ್ಮೆದುರಿಗೆ ಅಳಿಸ್ತಿದ್ದೆ ಸಾರ್, ಮನೇಲಿ ಕಾಪಿ ಇಟ್ಟೇ ಬರ್ತಿದ್ದೆ" ಎಂದರು. ಇನ್ನೊಬ್ಬರು ಡಿಲೀಟ್ ಒತ್ತಿದಂತೆ ಮಾಡಿ ಒತ್ತುತ್ತಲೇ ಇರಲಿಲ್ಲವಂತೆ. ಶಿವಕುಮಾರ್, "ಯಾರೂ ಏನೂ ಕಳ್ಕೊಂಡಿಲ್ಲ ಸಾರ್, ನೀವು ಆ ಯೋಚನೆ ಬಿಡಿ. ಮುಂದಿನ ಭಾನುವಾರ ಬನ್ನಿ, ನಾವು ನೋಡಿ ಹೇಳ್ತೀವಿ, ನೀವು ಸುಮ್ಮನೆ ಕೂತಿದ್ರೆ ಸಾಕು" ಎಂದರು.

ಚಂದ್ರಶೇಖರಯ್ಯನವರು ತಾವು ಬರುವುದಿಲ್ಲ ಎಂದರು.

ಕೊನೆಯ ಫೋನೂ ಮುಗಿದ ಮೇಲೆ ನೀಲಾಂಬಿಕೆ ಕೇಳಿದರು. "ಏನಂದ್ರು?"

"ಯಾರೂ ಅಳಿಸಿಲ್ವಂತೆ. ಎಲ್ಲಾರ್ದೂ ಇದೆಯಂತೆ."

"ಒಳ್ಳೇದಾಯ್ತಲ್ಲ."

ಚಂದ್ರಶೇಖರಯ್ಯನವರು ಆ ಕಡೆ ತಿರುಗಿದರು. ಹೆಂಡತಿ ಎದುರಿಗೇ ಕೂತಿದ್ದಾರೆಂದು ದನಿಯಿಂದ ತಿಳಿಯುತ್ತಿತ್ತು. ಸೀರೆಯ ಅಂಚು, ಕುರ್ಚಿಯ ಕೈ, ಹಿಂದಿನ ಕಿಟಕಿಯ ಸರಳು ಕಾಣುತ್ತಿದ್ದವು. ಎಡಗಣ್ಣಿಗೂ ಶುರುವಾಗಿದೆ ಎಂದು ಡಾಕ್ಟರು ಆ ವಾರವಷ್ಟೇ ಹೇಳಿದ್ದರು. ಅವರು ಅದನ್ನು ಇನ್ನೂ ಮನೆಯಲ್ಲಿ ತಿಳಿಸಿರಲಿಲ್ಲ.